ಗೋಡೆಯನ್ನೇ ಓದಿಸಿದ ಚಿತ್ರದ ಮಾಸ್ತರರು

ಛೋಟಾ ಉದೇಪುರದ ನಮ್ಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಗುಲಸಿಂಗ್‌ಭಾಯಿ ರಾಠ್ವಾ ಅವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಸೇವಾ ಪುಸ್ತಕದ ಪ್ರಕಾರ ಅವರು ಚಿತ್ರಕಲಾ ಶಿಕ್ಷಕರು, ನಾನು ಭಾಷಾ ಶಿಕ್ಷಕಿ; ಆದರೆ ಮಕ್ಕಳಿಗೆ ಓದು ಕಲಿಸಿದವರು ಯಾರೆಂದು ಯಾರಾದರೂ ಕೇಳಿದರೆ ತಬ್ಬಿಬ್ಬಾಗುತ್ತೇನೆ. ಈ ಲೇಖನ ನೀವೇ ಬರೆಯಿರಿ ಎಂದು ಶಾಲಾ ಪತ್ರಿಕೆಯ ಸಂಪಾದಕರು ಹೇಳಿದಾಗಲೂ ಹಾಗೆಯೇ ಆಯಿತು.

ನಾನು ಶಾಲೆ ಸೇರಿದಾಗ ಅವರ ಸೇವೆಗೆ ಹನ್ನೆರಡು ವರ್ಷ ತುಂಬಿತ್ತು. ಊರಿಗೆ ಹೊಸಬಳಾದ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರು, ಮೊದಲ ವಾರವಿಡೀ ತಮ್ಮ ಮನೆಯಿಂದ ಮೆಕ್ಕೆಜೋಳದ ರೊಟ್ಟಿ ತಂದುಕೊಟ್ಟವರು ಅವರೇ. ಅಷ್ಟಿದ್ದರೂ ಅವರ ತರಗತಿ ಕಂಡರೆ ನನಗೆ ಸಿಟ್ಟು. ಅಕ್ಷರ ಬಾರದ ಮಕ್ಕಳ ಕೈಗೆ ಕುಂಚ ಕೊಡುವುದು ಯಾವ ನ್ಯಾಯ ಎಂದು ಗೊಣಗುತ್ತಿದ್ದೆ.

ಆ ವರ್ಷ ನಾಲ್ಕನೇ ತರಗತಿಯ ಝಿಂಕಿ ಎಂಬ ಹುಡುಗಿಗೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಅವಳ ತಂದೆ ಮಂಗಲಿಯಾಭಾಯಿ ಬಂದು, ಇಲ್ಲಿ ಎಲ್ಲರೂ ಕರೆಯುವಂತೆ ನನ್ನನ್ನು ಬೆನ್, ಅಂದರೆ ಅಕ್ಕ, ಎಂದು ಕರೆದು ನೇರವಾಗಿ ಕೇಳಿದರು: "ಇವಳಿಗೆ ಓದಕ್ಕೆ ಬರುತ್ತೋ ಇಲ್ವೋ, ಒಂದೇ ಮಾತು ಹೇಳಿ ಬೆನ್. ಹೋಳಿ ಮುಗಿಸ್ಕೊಂಡು ನಾವು ವಡೋದರಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗ್ತೀವಿ. ಬರಲ್ಲ ಅಂದ್ರೆ ಇವಳನ್ನೂ ಕರ್ಕೊಂಡು ಹೋಗ್ತೀನಿ. ಸುಮ್ನೆ ಬೆಂಚು ಸವೆಸೋಕೆ ಯಾಕೆ ಬಿಡ್ಲಿ?"

"ಹೋಳಿವರೆಗೂ ನನ್ಹತ್ರ ಬಿಡು ಮಂಗಲಿಯಾ" ಎಂದವರು ಪಕ್ಕದಲ್ಲೇ ನಿಂತಿದ್ದ ಗುಲಸಿಂಗ್‌ಭಾಯಿ.

ಅವರು ಅವಳ ಕೈಯಿಂದ ಶಾಲೆಯ ಗೋಡೆಯ ಮೇಲೆ ಕುದುರೆ, ಬಾವಿ, ಮೊಸರು ಕಡೆಯುವ ಹೆಂಗಸು ಎಲ್ಲವನ್ನೂ ಬರೆಸಿದರು. ರಾಠ್ವಾ ಬುಡಕಟ್ಟಿನ ಮನೆಗಳಲ್ಲಿ ಹರಕೆಗಾಗಿ ಗೋಡೆಯ ಮೇಲೆ ಪಿಥೋರಾ ದೇವರ ಚಿತ್ರ ಬರೆದು ಮುಗಿದ ಮೇಲೆ ಪೂಜಾರಿ ಬಂದು ಒಂದೊಂದು ಆಕೃತಿಯನ್ನೂ ಓದಿ, ಬಿಟ್ಟುಹೋದದ್ದನ್ನು ಎತ್ತಿ ತೋರಿಸದೆ ಹರಕೆ ತೀರುವುದಿಲ್ಲ. ಶಾಲೆಯ ಗೋಡೆಗೆ ದೇವರ ಕಟ್ಟಳೆ ಇಲ್ಲವಾದ್ದರಿಂದ ಇಲ್ಲಿ ಝಿಂಕಿಯೇ ಪೂಜಾರಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಆಯಾ ಚಿತ್ರದ ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದು, ದಿನವೂ ಬೆರಳಿಟ್ಟು ಓದಿಸಿದರು. ಅವಳು ಓದುತ್ತಿದ್ದಾಳೋ, ಚಿತ್ರ ನೋಡಿ ಹೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಹೋಳಿಯ ಹಿಂದಿನ ವಾರ ಆ ಸಾಲುಗಳನ್ನೇ ಹಿಂದುಮುಂದು ಮಾಡಿ ಕಾಗದದಲ್ಲಿ ಬರೆದೆ. ಯಾರಿಗೂ ಹೇಳದೆ ಒಂದನ್ನು ಬಿಟ್ಟೆ. ತಂದೆಯ ಎದುರಿಗೇ ಅವಳ ಕೈಗೆ ಕೊಟ್ಟೆ. ನಾನು ಬಯಸಿದ್ದು ಅವಳು ಗೆಲ್ಲಲಿ ಎಂದೋ ಗುಲಸಿಂಗ್‌ಭಾಯಿ ಸೋಲಲಿ ಎಂದೋ, ಈಗಲೂ ಹೇಳಲಾರೆ. ಝಿಂಕಿ ತಡವರಿಸುತ್ತ, ಪದಪದಕ್ಕೂ ಬೆರಳಿಟ್ಟು, ನಾನು ಬರೆದಿದ್ದ ಕ್ರಮದಲ್ಲೇ ಕೊನೆಯವರೆಗೆ ಓದಿದಳು. ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

"ಬೆನ್, ಮೊಸರು ಕಡೆಯೋಳನ್ನ ಎಲ್ಲಿ ಬಿಟ್ರಿ?"

ಮಂಗಲಿಯಾಭಾಯಿ ನಕ್ಕುಬಿಟ್ಟರು. "ನಮ್ಮ ಪೂಜಾರಿನೂ ಹೀಗೆ ಹಿಡಿಯಲ್ಲ ಬಿಡಿ! ಇವಳು ಅಜ್ಜಿ ಹತ್ರ ಇರ್ಲಿ, ಶಾಲೆಗೆ ಬರ್ಲಿ."

ಫಲಿತಾಂಶದ ಹಾಳೆಯಲ್ಲಿ ಓದು ಕಲಿಸಿದವರು ಸಹಿ ಹಾಕಲು ಒಂದು ಜಾಗವಿತ್ತು. ಅಲ್ಲಿ ನಾನು ಸಹಿ ಹಾಕಿದೆ. ಮೇಲಧಿಕಾರಿಗಳು ನನ್ನನ್ನು ಹೊಗಳಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಗುಲಸಿಂಗ್‌ಭಾಯಿ. ಬರೆಯುವಾಗ ನಾಚಿಕೆಯಾಗುತ್ತಿದೆ. ಅಲ್ಲಿಂದೀಚೆಗೆ ಹತ್ತೊಂಬತ್ತು ವರ್ಷ ಓದು ಬಾರದವರನ್ನು ಅವರ ಕೋಣೆಗೆ ಕಳಿಸಿದೆ, ಓದಲು ಕಲಿತವರನ್ನು ವಾಪಸು ಕರೆದುಕೊಂಡೆ. ಒಳಗೆ ಏನು ನಡೆಯುತ್ತಿತ್ತೆಂದು ಒಮ್ಮೆಯೂ ಹೋಗಿ ನೋಡಲಿಲ್ಲ.

ಗುಲಸಿಂಗ್‌ಭಾಯಿ ಅವರು ನೂರು ವರ್ಷ ಬಾಳಲಿ, ಅವರ ಕೈ ಎಂದೂ ನಡುಗದಿರಲಿ. ಆದರೆ ಭಾಯಿ, ನಿವೃತ್ತಿಯ ನಂತರದ ಸೋಮವಾರ ಒಮ್ಮೆ ಶಾಲೆಯ ಕಡೆ ಬನ್ನಿ. ನಾಲ್ಕನೇ ತರಗತಿಯಲ್ಲಿ ಮೂವರಿಗೆ ಇನ್ನೂ ಓದಲು ಬಂದಿಲ್ಲ, ನನಗೆ ಕಲಿಸಲು ಬಂದಿಲ್ಲ. ನಾಲ್ವರೂ ನಿಮ್ಮ ಮುಂದೆ ಕೂರುತ್ತೇವೆ.