ಲೋಡರಿನ ಮೊದಲ ಪೂಜೆ

ನಿಟ್ಟುವಳ್ಳಿಯ ಹಾಲೇಶಪ್ಪನ ಬಾಯಿಗೆ ಹೆದರದ ಗಿರಾಕಿ ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ಬೈಸಿಕೊಳ್ಳಲು ತಯಾರಿದ್ದರೆ ಮಾತ್ರ ಅವನ ಅಂಗಡಿ ಕಡೆ ಹೋಗು ಎಂದು ಟಿಪ್ಪರ್ ಮಾಲೀಕರು ಹೊಸಬರಿಗೆ ಮೊದಲೇ ಹೇಳಿ ಕಳಿಸುತ್ತಾರೆ. "ಎಣ್ಣಿ ಬದಲ್ಸಾಕೆ ನಿಂಗೇನು ಧಾಡಿ? ನಿನ್ನ ತಲಿಗೆ ಹಚ್ಕಳ್ಳೋದ್ರಾಗ ಅರ್ಧ ಇದಕ್ಕೆ ಹಾಕಿದ್ರೂ ಬದುಕ್ತಿತ್ತಲ್ಲೋ!" ಎನ್ನುವುದು ಅವನ ಮಾಮೂಲಿ ಸ್ವಾಗತ. ಆದರೂ ಜನ ಹೋಗುತ್ತಾರೆ. ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಯಂತ್ರ ಯಾವುದೇ ಇರಲಿ, ಹಾಲೇಶಪ್ಪ ಒಮ್ಮೆ ಬಿಚ್ಚಿ ಮುಚ್ಚಿದನೆಂದರೆ ಅದೇ ಕಾಯಿಲೆಗೆ ಅದನ್ನು ಮತ್ತೆ ಬಿಚ್ಚುವ ಮಾತೇ ಇಲ್ಲ. ಮೈಮೇಲಿನ ಅಂಗಿಗೆ ಗುಂಡಿ ಇದೆಯೋ ಇಲ್ಲವೋ ನೋಡಿಕೊಳ್ಳದ ಮನುಷ್ಯ, "ಇದು ಹಾಲೇಶಪ್ಪ ಮುಚ್ಚಿದ್ದು" ಎಂಬ ಒಂದು ಮಾತಿಗೆ ಒಳಗೊಳಗೇ ಉಬ್ಬಿಹೋಗುತ್ತಾನೆ. ಅವನಿಗಿರುವ ಜಂಬ ಅದೊಂದೇ.

"ಮೇಲಷ್ಟೇ ರೀ ಈ ಅರಚಾಟ, ಒಳಗೆ ಭಾಳ ಮೆತ್ತಗದಾರೆ" ಎಂದು ಅವನ ಹೆಂಡತಿ ಪುಟ್ಟಕ್ಕ ಗಿರಾಕಿಗಳಿಗೆ ಚಹಾ ಕೊಡುತ್ತಾ ಹೇಳುತ್ತಾಳೆ. ಹಾಗೆ ಹೇಳಿದ್ದಕ್ಕೆ ಅವಳಿಗೂ ಬೈಗುಳ ಬೀಳುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಹರಿಹರದಿಂದ ತಿಪ್ಪೇರುದ್ರಪ್ಪ ಹೇಳಿಕಳಿಸಿದ. ಊರಾಚೆ ಸಣ್ಣದೊಂದು ಸಾಮಿಲ್ ಇಟ್ಟುಕೊಂಡಿರುವವನು. ಗರಗಸ ಚೆನ್ನಾಗಿತ್ತು, ಮರ ಕೊಯ್ಯಿಸುವವರೂ ಇದ್ದರು. ಇಲ್ಲದಿದ್ದದ್ದು ಲಾರಿಯಿಂದ ದಿಮ್ಮಿ ಇಳಿಸುವ ಆಳುಗಳು. ಒಬ್ಬೊಬ್ಬರಾಗಿ ಎಲ್ಲರೂ ಹಗುರದ ಕೆಲಸ ಹುಡುಕಿಕೊಂಡು ಹೋಗಿದ್ದರು. ಅದಕ್ಕೇ ತಿಪ್ಪೇರುದ್ರಪ್ಪ ಎಲ್ಲೋ ಬಾಗಿಲು ಹಾಕಿದ ಪ್ಲೈವುಡ್ ಕಾರ್ಖಾನೆಯ ಹರಾಜಿನಲ್ಲಿ ಹಳೆಯ ಲೋಡರ್ ಒಂದನ್ನು ಎಳೆಸಿಕೊಂಡು ಬಂದಿದ್ದ. ಟ್ರ್ಯಾಕ್ಟರಿನ ಬೆನ್ನಿಗೆ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ದಿಮ್ಮಿಯನ್ನು ತಬ್ಬಿ ಹಿಡಿಯುವ ಪಂಜ.

ಹಾಲೇಶಪ್ಪ ಹೋಗಿ ನೋಡಿದ. ಸೀಟಿನ ಒಳಗೆ ಇಲಿ ಮರಿ ಹಾಕಿತ್ತು. ಪೈಪುಗಳು ಒಣಗಿದ ಹಾವಿನಂತೆ ಬಿರಿದು ಜೋತಾಡುತ್ತಿದ್ದವು. ಪಂಪನ್ನು ಕೈಯಿಂದ ತಿರುಗಿಸಿದರೆ ಮಳೆನೀರು ಬಂತು.

"ಸಾವ್ಕಾರ್ರೇ, ಇದನ್ನ ಗುಜರಿಯೋರೂ ಮೂಸಿ ನೋಡಲ್ಲ. ಯಾರು ನಿಮ್ಮ ತಲಿಗೆ ಕಟ್ಟಿದ್ದು?" ಎಂದವನೇ ಬೈಕಿನ ಕಡೆ ಹೊರಟ.

ಗೇಟಿನ ಬಳಿ ಒಬ್ಬ ಹೆಂಗಸು ಮರದ ಹೊಟ್ಟನ್ನು ಚೀಲಕ್ಕೆ ತುಂಬುತ್ತಿದ್ದಳು. ಊರಮ್ಮ ಅಂತ. ಕೈಯಲ್ಲಿದ್ದ ಬುಟ್ಟಿ ಬಿಟ್ಟು ಅಡ್ಡ ಬಂದು ನಿಂತಳು.

"ಯಣ್ಣಾ, ಹಂಗ ಹೋಗಬ್ಯಾಡ್ರಿ. ಅಲ್ಲಿ ನೋಡ್ರಿ, ನಮ್ಮನಿಯೋರು."

ದಿಮ್ಮಿಗಳ ರಾಶಿಯ ಪಕ್ಕ ದುರುಗಣ್ಣ ಕೂತಿದ್ದ. ಹರೆಯದಲ್ಲಿ ಆ ಸಾಮಿಲ್ಲಿಗೆ ಬಂದವನು, ಅಂದಿನಿಂದ ಬಲಹೆಗಲ ಮೇಲೇ ಮರ ಹೊತ್ತವನು. ಈಗ ಆ ಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತಲೆ ಬಾಚುವುದಕ್ಕೂ ಊರಮ್ಮನೇ ಬೇಕು. ಹೋದವರೆಲ್ಲ ಹೋದ ಮೇಲೂ ಅವನು ಉಳಿದಿದ್ದ, ಯಾಕೆಂದರೆ ಅವನನ್ನು ಇನ್ನೆಲ್ಲೂ ಕರೆಯುತ್ತಿರಲಿಲ್ಲ.

"ಈ ಮಿಷನ್ ಎದ್ದು ನಿಂತ್ರೆ ಇವರನ್ನೇ ಅದರ ಮ್ಯಾಲೆ ಕೂಡಿಸ್ತೀನಿ ಅಂದಾರೆ ಸಾವ್ಕಾರ್ರು. ಏಳ್ಲಿಲ್ಲ ಅಂದ್ರೆ ಕಂಟ್ರಾಕ್ಟ್ ಆಳು ಹೊರಗಿಂದ ಬರ್ತಾರೆ, ಇವರು ಮನೀಗೆ. ಮನ್ಯಾಗ ಕೂತ್ರೆ ಇವರು ಉಳಿಯಲ್ಲ ಯಣ್ಣಾ. ನಂಗೊತ್ತು."

ಹಾಲೇಶಪ್ಪ ಬೈಕಿನ ಕೀಲಿ ತಿರುಗಿಸಿದ. ಮತ್ತೆ ತೆಗೆದ. "ಥೂ, ನಿಮ್ಮ!" ಎಂದು ಯಾರಿಗೂ ಅಲ್ಲದ ಬೈಗುಳವೊಂದನ್ನು ಗಾಳಿಗೆ ಬಿಟ್ಟು, ವಾಪಸು ಬಂದು ಲೋಡರಿನ ಅಡಿಗೆ ಗೋಣಿ ಹಾಸಿಕೊಂಡು ಮಲಗಿದ.

ಅಂದಿನಿಂದ ಅವನ ಪಾಡನ್ನು ಪುಟ್ಟಕ್ಕನೇ ಹೇಳಬೇಕು. ಅಂಗಡಿಯ ಕೆಲಸ ಮುಗಿಸಿ ಹರಿಹರಕ್ಕೆ ಓಡುವುದು, ಮೈತುಂಬಾ ಎಣ್ಣೆ ಬಳಿದುಕೊಂಡು ಬರುವುದು. ಪಂಪನ್ನು ಬಿಚ್ಚಿ ತೊಳೆದ. ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಲಿವರುಗಳು ಬಲಗಡೆಗಿದ್ದವು, ಯಾರೂ ಹೇಳದೆ, ಯಾರನ್ನೂ ಕೇಳದೆ, ಕಬ್ಬಿಣ ಕೊಯ್ದು ಬೆಸುಗೆ ಹಾಕಿ ಅವನ್ನು ಎಡಗಡೆಗೆ ಸರಿಸಿದ. "ಯಾಕ ಮಿಸ್ತ್ರಿ, ಉಲ್ಟಾ ಮಾಡಿದ್ರಿ?" ಎಂದು ತಿಪ್ಪೇರುದ್ರಪ್ಪ ಕೇಳಿದರೆ, "ನಿಮ್ಮ ಕೆಲ್ಸ ನೀವು ನೋಡ್ರಿ" ಎಂದ. ದುರುಗಣ್ಣ ಮಾತ್ರ ಸೀಟಿನಲ್ಲಿ ಕೂತು ಎಡಗೈಯನ್ನು ಲಿವರಿನ ಮೇಲಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ.

ಪಾಠ ಶುರುವಾಯಿತು. "ಮೆತ್ತಗೆ! ಎಮ್ಮಿ ಕಿವಿ ಹಿಡಿದಂಗೆ ಎಳೀಬ್ಯಾಡ!" ಎಂದು ಕೆಳಗಿನಿಂದ ಹಾಲೇಶಪ್ಪ ಕೂಗುವುದು, "ಆತು ಗುರುವೇ, ಕಿವಿ ಬಿಟ್ಟೆ, ಬಾಲ ಹಿಡಿದೆ" ಎಂದು ಮೇಲಿನಿಂದ ದುರುಗಣ್ಣ ನಗುವುದು. ಯಾರ ಮನೆಯಲ್ಲೂ ನೀರು ಕೂಡ ಮುಟ್ಟದ ಹಾಲೇಶಪ್ಪ ಊರಮ್ಮನ ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿಗೆ ಕೈ ಚಾಚತೊಡಗಿದ. ಖಾರ ಜಾಸ್ತಿ ಎಂದು ದಿನಾ ಬೈಯುತ್ತಿದ್ದ, ದಿನಾ ತಿನ್ನುತ್ತಿದ್ದ.

ಕೊನೆಗೆ ಉಳಿದದ್ದು ಪಂಜ. ಅದನ್ನು ಆಡಿಸುವ ಸಿಲಿಂಡರಿನಲ್ಲಿ ಕೈತೋಳಿನಷ್ಟು ದಪ್ಪದ ರಾಡೊಂದಿದೆ. ರಾಡು ಹೊರಗೆ ಬಂದರೆ ಪಂಜ ಬಾಯಿ ತೆರೆಯುತ್ತದೆ, ಒಳಗೆ ಹೋದರೆ ಕಚ್ಚುತ್ತದೆ. ರಾಡು ಒಳಹೋಗುವ ಕಡೆ ರಬ್ಬರಿನ ಸೀಲು ಕೂತು ಎಣ್ಣೆಯನ್ನು ಒಳಗೇ ತಡೆಯುತ್ತದೆ. ಆ ಸೀಲಿಗೆ ಗೀರು ಬಿತ್ತೋ, ಎಣ್ಣೆ ಸೋರಿ ಪಂಜದ ಹಿಡಿತವೇ ಸಡಿಲ. ತುಕ್ಕು ತಿಂದಿದ್ದ ರಾಡಿಗೆ ಹಾಲೇಶಪ್ಪ ಹೊಸದಾಗಿ ಕ್ರೋಮ್ ಹಾಕಿಸಿ ತಂದ. ಊರಮ್ಮ ಅದರೊಳಗೆ ಬಗ್ಗಿ ನೋಡಿ, "ಅಯ್ಯ, ನನ್ನ ಮುಖ ಕಾಣ್ತೈತಲ್ರೀ!" ಎಂದು ಸೆರಗು ಸರಿಮಾಡಿಕೊಂಡಳು. ಅದರ ಮೇಲೆ ಮರಳಿನ ಒಂದು ಕಾಳೂ ಕೂರಬಾರದು ಎಂಬುದು ಹಾಲೇಶಪ್ಪನಿಗೆ ಉಸಿರಾಟದಷ್ಟು ಸಹಜವಾಗಿತ್ತು. ಅಷ್ಟು ಸಹಜವಾದದ್ದನ್ನು ಬಾಯಿಬಿಟ್ಟು ಹೇಳಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ.

ಅಮಾವಾಸ್ಯೆಯ ದಿನ ಮೊದಲ ಲಾರಿ ಇಳಿಸುವುದೆಂದು ತಿಪ್ಪೇರುದ್ರಪ್ಪ ಗೊತ್ತುಮಾಡಿದ. ಅಮಾವಾಸ್ಯೆಗೆ ಗಾಡಿಪೂಜೆ ಮಾಡದ ಮನೆ ಈ ಕಡೆ ಯಾವುದಿದೆ? ಸೈಕಲ್ಲಿಗೂ ನಿಂಬೆಹಣ್ಣು ಕಟ್ಟುವ ಊರಿದು. ಹಿಂದಿನ ಸಂಜೆ ಹಾಲೇಶಪ್ಪ ಪಂಜವನ್ನು ಬಾಯಿ ತೆರೆಸಿ ನೆಲದ ಮೇಲೆ ಇಳಿಸಿಟ್ಟು ಹೋಗಿದ್ದ. ಬೆಳಿಗ್ಗೆ ಬರುವಾಗ ಅವನ ಬೈಕಿನ ಚಕ್ರ ಪಂಕ್ಚರಾಗಿ, ಅವನು ಬಂದು ಮುಟ್ಟುವಷ್ಟರಲ್ಲಿ ಪೂಜೆಯೇ ಮುಗಿದಿತ್ತು. ಚಕ್ರಕ್ಕೆ ಹೂವು, ಸ್ಟೇರಿಂಗಿಗೆ ಹಾರ, ಎಲ್ಲಿ ನೋಡಿದರೂ ಕುಂಕುಮ. ದೃಷ್ಟಿಗೆಂದು ತಂದ ಬೂದುಗುಂಬಳವನ್ನು ಪಂಜದಿಂದಲೇ ಹಿಸುಕಿ ಒಡೆಸಿದ್ದರು. ಅದನ್ನು ಹೇಳಿ ಹೇಳಿ ಎಲ್ಲರೂ ನಗುತ್ತಿದ್ದರು, ಹಾಲೇಶಪ್ಪನೂ ನಕ್ಕ.

ಲಾರಿ ಬಂದು ನಿಂತಿತು. ದುರುಗಣ್ಣ ಕೈಮುಗಿದು ಸೀಟಿಗೆ ಏರಿದ. ಪಂಜ ಹೋಗಿ ದಿಮ್ಮಿಯೊಂದನ್ನು ತಬ್ಬಿತು, ತೋಳು ಎತ್ತಿತು. ಊರಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡು ನೋಡುತ್ತಿದ್ದಳು. ದಿಮ್ಮಿ ಲಾರಿಯಿಂದ ಈಚೆ ಬಂತು, ನೆಲಕ್ಕೆ ಮಾರುದ್ದ ಇದೆ ಎನ್ನುವಾಗ ಪಂಜ ಮೆಲ್ಲಗೆ ಬಾಯಿ ಸಡಿಲಿಸಿತು. ದಿಮ್ಮಿ ಜಾರಿ ದಡ್ಡನೆ ಬಿತ್ತು. ಯಾರ ಕಾಲ ಮೇಲೂ ಬೀಳಲಿಲ್ಲ, ಪುಣ್ಯ.

ಲಾರಿ ಡ್ರೈವರ್ ಕಿಸಕ್ಕನೆ ನಕ್ಕ. ತಿಪ್ಪೇರುದ್ರಪ್ಪನ ಮುಖ ಕೆಂಪಾಯಿತು.

"ದುರುಗಣ್ಣ, ಲಿವರ್ ಬಿಟ್ಯೇನೋ?"

"ಇಲ್ರೀ ಸಾವ್ಕಾರ್ರೇ. ಹಿಡಕಂಡೇ ಇದ್ದೆ."

"ಹಿಡಕಂಡಿದ್ರೆ ಯಾಕ ಬೀಳ್ತದೆ? ಒಂದು ಕೈಯಾಗ ಆಗೋ ಕೆಲ್ಸ ಅಲ್ಲಪ್ಪ ಇದು. ಇಳೀ ಕೆಳಗೆ. ಕಂಟ್ರಾಕ್ಟಿನೋರಿಗೆ ಫೋನ್ ಮಾಡ್ತೀನಿ."

ದುರುಗಣ್ಣ ಇಳಿಯಲಿಲ್ಲ. ಎಡಗೈಯನ್ನು ಲಿವರಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನು ಕಂಡು ಹಾಲೇಶಪ್ಪ ಮುಂದೆ ಬಂದ.

"ಫೋನ್ ಒಳಗಿಡ್ರಿ. ಮೊದಲು ನೋಡ್ತೀನಿ ನಾನು" ಎಂದು ಗದರಿದ.

ಪಂಜವನ್ನು ನೆಲಕ್ಕಿಳಿಸಿ ಸಿಲಿಂಡರಿನ ಬಾಯಿ ಬಿಚ್ಚಿದ. ಹೊಸ ಸೀಲು ಹೊರಗೆ ಬಂತು. ಅದರ ಅಂಚಿನ ಸುತ್ತ ಕೆಂಪು ಕೆಸರು, ವಿಭೂತಿಯ ಬಿಳಿ. ಅಂಚು ಮಡಚಿಕೊಂಡಿದ್ದ ಕಡೆ ಅಕ್ಷತೆಯ ಎರಡು ಅಕ್ಕಿಕಾಳು ಕಚ್ಚಿ ಕೂತಿದ್ದವು. ಕುಂಬಳ ಹಿಸುಕುವಾಗ ರಾಡಿನ ಜೊತೆ ಎಲ್ಲವೂ ಒಳಗೆ ಹೋಗಿತ್ತು.

ಬೈಗುಳ ಅವನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಎಂಥ ಬೈಗುಳ ಅಂತೀರಿ! ಜನ್ಮದಲ್ಲಿ ಬೈದಿರದಂಥದ್ದು. ಯಾರ ಕೈ ಎಂದು ಕೇಳುವುದೇ ಬೇಕಿರಲಿಲ್ಲ. ಹೊಟ್ಟಿನ ರಾಶಿಯ ಪಕ್ಕ ಊರಮ್ಮ ಪೂಜೆಯ ತಟ್ಟೆ ಎದೆಗವಚಿಕೊಂಡು ನಿಂತಿದ್ದಳು, ಅವಳ ಬೆರಳೆಲ್ಲ ಕುಂಕುಮ. ಇಡೀ ಯಂತ್ರದಲ್ಲಿ ಕನ್ನಡಿಯ ಹಾಗೆ ಹೊಳೆಯುವ ಜಾಗ ಆ ರಾಡೊಂದೇ. ದೇವರು ಅಲ್ಲಲ್ಲದೆ ಇನ್ನೆಲ್ಲಿ ಕೂರುತ್ತಾನೆ ಅಂದುಕೊಂಡಿರಬೇಕು ಪಾಪ. ಈಗ ಇದನ್ನು ಎತ್ತಿ ತೋರಿಸಿದರೆ, ಗಂಡನ ಅನ್ನಕ್ಕೆ ತಾನೇ ಕಲ್ಲು ಹಾಕಿದೆ ಎಂದು ಅವಳು ಸಾಯುವ ತನಕ ಕೊರಗುತ್ತಾಳೆ. ಅವಳ ಕೈಗುಣವೇ ಸರಿಯಿಲ್ಲ ಎಂದು ಹೇಳುವ ಬಾಯಿಗಳು ಹರಿಹರದಲ್ಲಿ ಕಡಿಮೆಯೇ?

ಹಾಲೇಶಪ್ಪ ಬೈಗುಳ ನುಂಗಿದ. ಬಟ್ಟೆಯ ತುಂಡಿನಿಂದ ಸೀಲನ್ನು ಒರೆಸಿ, ಆ ಬಟ್ಟೆಯನ್ನು ಜೇಬಿಗೆ ತುರುಕಿದ. ಅದರ ತುದಿ ಹೊರಗೇ ಉಳಿಯಿತು.

"ಏನಾಗಿತ್ತು ಮಿಸ್ತ್ರಿ?" ತಿಪ್ಪೇರುದ್ರಪ್ಪ ಕೇಳಿದ.

"ದುರುಗಣ್ಣಂದೇನೂ ತಪ್ಪಿಲ್ಲ. ಸೀಲು ತಿರುವುಮುರುವು ಕೂಡ್ಸಿದ್ದೆ. ನನ್ನ ತಪ್ಪು."

ಡ್ರೈವರ್, "ಹಾಲೇಶಪ್ಪ ಮುಚ್ಚಿದ್ದೂ ಬಿಚ್ಚೋ ಕಾಲ ಬಂತು! ವಯಸ್ಸಾತು ಬಿಡ್ರಿ" ಎಂದ. ಅದು ನೇರ ಎದೆಗೆ ಹೋಗಿ ನಾಟಿತು. ನಾಳೆ ಬೆಳಗಾದರೆ ಈ ಮಾತು ದಾವಣಗೆರೆಯ ಗ್ಯಾರೇಜುಗಳನ್ನೆಲ್ಲ ಸುತ್ತಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ತಲೆ ಬಗ್ಗಿಸಿ, ಚೀಲದಲ್ಲಿದ್ದ ಇನ್ನೊಂದು ಸೀಲು ತೆಗೆದು ಎಣ್ಣೆ ಸವರಿ ಕೂರಿಸತೊಡಗಿದ.

ಎದುರಿಗೆ ಯಾರವೋ ಕಾಲುಗಳು ಬಂದು ನಿಂತವು. ಊರಮ್ಮ.

"ಯಣ್ಣಾ, ಆ ಬಟ್ಟೆ ತೋರಿಸ್ರಿ."

"ಎಣ್ಣಿ ಬಟ್ಟಿ ಅದು. ನಿಂಗ್ಯಾಕವ್ವ? ಹೋಗು."

"ಕೆಂಪಗೈತೆ."

ಹಾಲೇಶಪ್ಪ ಬಟ್ಟೆಯ ತುದಿಯನ್ನು ಜೇಬಿನೊಳಗೆ ಒತ್ತಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಒಂದು ಹೇಳುವಷ್ಟರಲ್ಲೇ ಸುಸ್ತಾಗಿದ್ದ. ಊರಮ್ಮ ಅವನನ್ನೇ ನೋಡಿದಳು, ಆಮೇಲೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಸಾವ್ಕಾರ್ರೇ, ಮಿಸ್ತ್ರಿದು ತಪ್ಪಲ್ಲ, ನಮ್ಮನಿಯೋರದೂ ಅಲ್ಲ. ಆ ಹೊಳೆಯೋದಕ್ಕೆ ಕುಂಕುಮ ಮೆತ್ತಿ ಅಕ್ಕಿ ಅಂಟಿಸಿದಾಕಿ ನಾನು. ಅದೇ ಒಳಗೆ ಹೋಗೈತೆ. ಬೈಯೋದಿದ್ರೆ ನನಗೆ ಬೈರಿ. ಅವರನ್ನ ಇಳಿಸಬ್ಯಾಡ್ರಿ."

ಅವಳು ಒಂದು ಅಕ್ಷರವನ್ನೂ ನುಂಗಲಿಲ್ಲ. ಎಲ್ಲರೂ ತಿಪ್ಪೇರುದ್ರಪ್ಪನ ಮುಖ ನೋಡಿದರು. ಅವನು ಕೆಮ್ಮಿದ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಮತ್ತೊಮ್ಮೆ ಕೆಮ್ಮಿದ.

"ವಿಭೂತಿ... ಅದಕ್ಕೆ ವಿಭೂತಿ ಬಳಿದೋನು ನಾನು" ಎಂದ. "ಮೂರೂ ಬೆರಳಿಗೆ ಚೆನ್ನಾಗಿ ಕಲಸ್ಕಂಡು ಬಳಿದೆ."

ಅಷ್ಟು ಹೊತ್ತು ತಡೆದಿಟ್ಟಿದ್ದೆಲ್ಲ ಹಾಲೇಶಪ್ಪನ ಬಾಯಿಂದ ಕಟ್ಟೆಯೊಡೆಯಿತು. "ವಿಭೂತಿ ಬಳಿಯಾಕೆ ಅದೇನು ನಿಮ್ಮ ಹಣೀಯೇನ್ರೀ? ಆಕಿಗೇನೋ ಗೊತ್ತಿಲ್ಲ, ನಿಮಗೇನಾಗಿತ್ತು ಧಾಡಿ? ಕಬ್ಬಿಣದಾಗ ಬ್ಯಾರೆ ಜಾಗಾನೇ ಸಿಗ್ಲಿಲ್ಲೇನು ನಿಮಗೆ? ಪಾಯಸ ಒಂದು ಸುರಿದಿದ್ರೆ ಆಗ್ತಿತ್ತು!" ಬೈಸಿಕೊಳ್ಳುತ್ತಿದ್ದ ತಿಪ್ಪೇರುದ್ರಪ್ಪನಿಗೇ ಮೊದಲು ನಗು ಬಂತು. ಡ್ರೈವರ್ ಕೂಡ ಹಲ್ಲುಬಿಟ್ಟ. ದುರುಗಣ್ಣ ಮಾತ್ರ ನಗಲಿಲ್ಲ. ಇನ್ನೂ ಅವನ ಸೀಟಿನ ತೀರ್ಮಾನ ಆಗಿರಲಿಲ್ಲ.

"ಬೈದದ್ದು ಸಾಕು, ಮುಗಿಸು ಮಾರಾಯ" ಎಂದ ತಿಪ್ಪೇರುದ್ರಪ್ಪ. "ಈಗ ಎತ್ತಿ ತೋರಿಸ್ಲಿ ದುರುಗಣ್ಣ. ದಿಮ್ಮಿ ನಿಂತ್ರೆ ಅವನೂ ನಿಂತ."

ಸೀಲು ಕೂತಿತು, ಸಿಲಿಂಡರ್ ಮುಚ್ಚಿತು. ಊರಮ್ಮ ತಟ್ಟೆ ಹಿಡಿದು ದೂರವೇ ನಿಂತಿದ್ದಳು, ಹತ್ತಿರ ಬರಲು ಅಂಜಿಕೆ. "ಬಾರವ್ವ" ಎಂದ ಹಾಲೇಶಪ್ಪ, ಅವನಿಗೇ ಗುರುತು ಸಿಗದಷ್ಟು ಮೆತ್ತಗೆ. "ಪೂಜಿ ಮಾಡು. ಹೊಳೆಯೋದೊಂದು ಬಿಟ್ಟು ಎಲ್ಲಾದ್ರೂ ಹಚ್ಚು."

ಅವಳು ಬಂದಳು. ಚಕ್ರ ನೋಡಿದಳು, ತೋಳು ನೋಡಿದಳು. ಯಾವುದನ್ನೂ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟು ಸೀಟಿನ ತನಕ ಹತ್ತಿ, ಗಂಡನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಬಲಹೆಗಲನ್ನು ಬರಿದು ಮಾಡಿದಳು. ಮರ ಹೊತ್ತು ಹೊತ್ತು ಅಲ್ಲಿ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ಅದರ ಮೇಲೆ ಕುಂಕುಮ ಇಟ್ಟಳು, ಅಕ್ಕಿಕಾಳು ಹಾಕಿದಳು.

"ಏ, ಏನ್ ಮಾಡ್ತೀಯೇ, ಎಲ್ರೂ ನೋಡ್ತಾರೆ" ಎಂದು ದುರುಗಣ್ಣ ಮುದುಡಿಕೊಂಡ.

"ನೋಡ್ಲಿ. ಇಷ್ಟು ವರ್ಷ ಮರ ಎತ್ತಿದ್ದು ಇದು. ಇದಕ್ಕೆ ಒಂದಿನಾನೂ ಯಾರೂ ಪೂಜಿ ಮಾಡ್ಲಿಲ್ಲ."

ಊರಮ್ಮ ಇಳಿದು ಪಕ್ಕಕ್ಕೆ ಸರಿದಳು. ದುರುಗಣ್ಣ ಎಡಗೈಯಿಂದ ಲಿವರ್ ಎಳೆದ. ಪಂಜ ಬಿದ್ದಿದ್ದ ದಿಮ್ಮಿಯನ್ನೇ ಹುಡುಕಿಕೊಂಡು ಹೋಗಿ ತಬ್ಬಿತು. ದಿಮ್ಮಿ ಎದ್ದಿತು, ಆಳೆತ್ತರಕ್ಕೆ ಹೋಗಿ ನಿಂತಿತು. ಅವನು ಅದನ್ನು ಹಾಗೇ ಹಿಡಿದುಕೊಂಡಿದ್ದ. ತಿಪ್ಪೇರುದ್ರಪ್ಪ ಸುತ್ತ ಒಂದು ಸುತ್ತು ಬಂದು ನೋಡಿದ. ಎಣ್ಣೆಯ ಒಂದು ಹನಿಯೂ ಇಲ್ಲ, ದಿಮ್ಮಿ ಒಂದು ಕೂದಲೆಳೆಯಷ್ಟೂ ಜಾರಲಿಲ್ಲ.

"ಸರಿ, ಇಳಿಸಪ್ಪ" ಎಂದ. "ನಾಳೆ ಸ್ವಲ್ಪ ಲಗೂನ ಬಾ ದುರುಗಣ್ಣ. ಇನ್ನೊಂದು ಲಾರಿ ಬರೋದೈತೆ."

ಊರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಪಂಜದ ಪಕ್ಕ ಕುಸಿದು ಕೂತಳು. ಹಾಲೇಶಪ್ಪನಿಗೆ ರೇಗಿತು. "ಅಳೋದಿದ್ರೆ ಆ ಕಡೆ ಹೋಗಿ ಅಳವ್ವ! ಕಣ್ಣೀರಾಗೂ ಉಪ್ಪು ಇರ್ತದೆ, ರಾಡು ತುಕ್ಕು ಹಿಡಿತದೆ!" ಎಂದು ಅರಚಿದ. ಲೋಡರಿಗೆ ಬೆನ್ನು ತಿರುಗಿಸಿ, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡ.