ಅಣ್ಣನ ಬಿಟ್ಟಿ ಪುಸ್ತಕ

ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವವರ ಪೈಕಿ ನಮ್ಮಣ್ಣ. ಲಿಫ್ಟ್ ರಿಪೇರಿ ಅವನ ಕೆಲಸ, ಓದುವುದು ಹುಚ್ಚು. ಪುಸ್ತಕಕ್ಕೆ ದುಡ್ಡು ಕೊಡಬೇಕೆಂದರೆ ಮಾತ್ರ ಜ್ವರ ಬರುತ್ತದೆ. ಮನೆಗೆ ಬಂದವನೇ ಗ್ರೀಸು ಮೆತ್ತಿದ ಬೆರಳಲ್ಲಿ ಫೋನು ತಿಕ್ಕುತ್ತಾ ಪುಕ್ಕಟೆ ಕಾದಂಬರಿ ಹುಡುಕುತ್ತಾನೆ. ಸಿಗುವುದು ಮೊದಲ ಒಂದೆರಡು ಅಧ್ಯಾಯ. ಆಮೇಲೆ 'ಮುಂದೆ ಓದಲು ಹಣ ಕಟ್ಟಿ' ಎಂದು ಬರುತ್ತದೆ. ಇವನು ಅದನ್ನು ಮುಚ್ಚಿ ಇನ್ನೊಂದು ಶುರು ಮಾಡುತ್ತಾನೆ. ಲೋಕದ ಅರ್ಧ ಕಾದಂಬರಿಗಳ ಆರಂಭ ಇವನಿಗೆ ಗೊತ್ತು, ಒಂದರ ಕೊನೆಯೂ ಗೊತ್ತಿಲ್ಲ.

ತಾನೊಬ್ಬನೇ ಓದಿಕೊಂಡಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಕಣ್ಣು ಮಂಜಾದ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ. ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುವ ನನ್ನ ಕಿವಿಗೂ ಬೀಳುತ್ತದೆ. ಹೋದ ತಿಂಗಳು ಒಂದು ಕಥೆ ಶುರುವಾಯಿತು. ಗಡಿಯಾರ ರಿಪೇರಿಯವನೊಬ್ಬನ ಹೆಂಡತಿ ಮನೆ ಬಿಟ್ಟು ಹೋಗಿರುತ್ತಾಳೆ. ವರ್ಷಗಳ ಮೇಲೆ ಬಂದು ಬಾಗಿಲು ತಟ್ಟುತ್ತಾಳೆ. ಅವನು ಚಿಲಕದ ಮೇಲೆ ಕೈ ಇಡುತ್ತಾನೆ. ಅಲ್ಲಿಗೆ 'ಹಣ ಕಟ್ಟಿ'.

"ತೆಗೆದ್ನೋ ಇಲ್ವೋ?" ಅಂದಳು ಅಮ್ಮ.

"ಬೇರೆ ಕಥೆ ಓದ್ತೀನಿ ಇರು" ಅಂದ ಅಣ್ಣ.

"ನಂಗೆ ಬೇರೆ ಬೇಡ."

ಅಷ್ಟರಲ್ಲಿ ಅಮ್ಮನ ಎದೆಯ ಆಪರೇಷನ್ನಿಗೆ ದಿನ ನಿಗದಿಯಾಯಿತು. ಅಪಾಯವಿದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಗೆ ಬಂದು ಅಮ್ಮ ಕೇಳಿದ್ದು ಮತ್ತೆ ಆ ಚಿಲಕದ ವಿಷಯವನ್ನೇ. ನನಗೆ ರೇಗಿಹೋಯಿತು. "ದುಡ್ಡು ನಾನ್ ಕೊಡ್ತೀನಿ, ಆ ಪುಸ್ತಕ ತಗೊಂಡ್ ಬಾ" ಅಂದೆ.

"ತಡಿ, ಎಲ್ಲೋ ಪುಕ್ಕಟೆ ಇರತ್ತೆ" ಅಂದ ಮಹಾರಾಯ.

ಇತ್ತು. ಅವನು ತಿಂಗಳಿಗೊಮ್ಮೆ ಲಿಫ್ಟಿಗೆ ಎಣ್ಣೆ ಹಾಕಲು ಹೋಗುವ ಕಟ್ಟಡದಲ್ಲೇ ಇತ್ತು. ಆ ಕಟ್ಟಡ ಸಾರ್ವಜನಿಕ ಗ್ರಂಥಾಲಯ. ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದರೆ, "ನಾನು ಹಿಂದಿನ ಬಾಗ್ಲಲ್ಲಿ ಹೋಗೋನು ಕಣೇ, ನಂಗೂ ಪುಸ್ತಕ ಕೊಡ್ತಾರೆ ಅಂತ ಯಾರಿಗ್ಗೊತ್ತು" ಅಂದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನಿಗೆ ಏನು ಹೇಳಲಿ. ಹಣೆ ಚಚ್ಚಿಕೊಂಡೆ.

ಆಪರೇಷನ್ನಿನ ಹಿಂದಿನ ಸಂಜೆ ಗ್ರಂಥಾಲಯದಿಂದ ತಂದ ಪುಸ್ತಕವನ್ನು ವಾರ್ಡಿನಲ್ಲಿ ಕೂತು ಓದತೊಡಗಿದ. ಗಡಿಯಾರದವನು ಚಿಲಕಕ್ಕೆ ಕೈ ಹಾಕುವ ಪುಟ ಬಂದಾಗ ಅಮ್ಮ ಅಣ್ಣನ ಮಣಿಕಟ್ಟು ಹಿಡಿದಳು.

"ಇವತ್ತಿಗೆ ಸಾಕು. ಮಿಕ್ಕಿದ್ದು ನಾನು ಆಚೆ ಬಂದ್ಮೇಲೆ."

ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು, ಪುಸ್ತಕ ಅಣ್ಣನ ತೊಡೆಯ ಮೇಲಿತ್ತು. ಬಾಗಿಲು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ನನಗೆ ಹೆದರಿಕೆ ತಡೆಯಲಾಗಲಿಲ್ಲ, ಏನಾದರೂ ಓದಿಕೊಂಡಿರೋಣ ಎಂದು ಪುಸ್ತಕಕ್ಕೆ ಕೈ ಚಾಚಿದೆ. ಅಣ್ಣ ಪಟ್ಟನೆ ಕೈ ಮೇಲೆ ಹೊಡೆದ.

"ಮುಟ್ಬೇಡ" ಅಂದ. "ಮುಂದಿನ್ ಕಥೆ ಅಮ್ಮ ಇನ್ನೂ ಕೇಳಿಲ್ಲ."