ಕುಂಕುಮ ಇಟ್ಟ ಪೆಟ್ಟಿಗೆ

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದ ಮೇಲೆ ಪಿಎಚ್‌ಡಿ ಎಂದರೆ, ಮೈಸೂರಿನಲ್ಲಿ ನನ್ನ ಪಾಲಿಗೆ ಬಂದ ಕೆಲಸ ಬೆಳಗಾಗುತ್ತಲೇ ಮನೆಮನೆಗೆ ಹೋಗಿ ಮಲದ ಡಬ್ಬಿ ಇಸಿದುಕೊಂಡು ಬರುವುದು. ನಗುವವರು ನಕ್ಕರು. ಕುಂಬಾರಕೊಪ್ಪಲಿನ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ. ಮುದ್ದೆ, ಸೊಪ್ಪಿನ ಸಾರು ಉಂಡುಕೊಂಡು ಎಪ್ಪತ್ತು ದಾಟಿದ್ದ, ಆಸ್ಪತ್ರೆಯ ಮೆಟ್ಟಿಲು ಹತ್ತದ ಜೀವ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಕಾಫಿಯನ್ನೂ ಕೊಟ್ಟರು.

ಆ ಡಬ್ಬಿಯಿಂದಲೇ ಅದು ಸಿಕ್ಕಿತು. ಡಿಎನ್‌ಎ ಓದಿಸಿ ನೋಡಿದರೆ ಗೊತ್ತಿರುವ ಯಾವ ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ; ಹೊಸದು. ಗಾಳಿ ಸೋಕಿದರೆ ಸಾಯುವ ಜಾತಿ. ಆಮ್ಲಜನಕವಿಲ್ಲದ ಗಾಜಿನ ಪೆಟ್ಟಿಗೆಗೆ ಜೋಡಿಸಿದ ರಬ್ಬರ್ ಗವಸಿನಲ್ಲಿ ಕೈ ತೂರಿಸಿ, ಎಂಟು ತಿಂಗಳು ಅದನ್ನು ಸಾಕಿದೆ. ಕಾದಿಡಲೆಂದು ಎರಡು ಸಲ ಫ್ರೀಜರಿನಲ್ಲಿಟ್ಟು ನೋಡಿದ್ದೆ, ಮತ್ತೆ ಚಿಗುರಲಿಲ್ಲ. ಪೆಟ್ಟಿಗೆಯೊಳಗೆ ಅದು ಬದುಕಿದ್ದ ಆರು ಪ್ಲೇಟುಗಳೇ ನನ್ನ ಪಿಎಚ್‌ಡಿ.

ಆಯುಧಪೂಜೆ ಬಂತು. ಅಂದು ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಕುಂಕುಮ, ಸೇವಂತಿಗೆ. ನನ್ನ ಗೈಡ್ ಪಂಚೆಯುಟ್ಟು ಬಂದು ಪೆಟ್ಟಿಗೆಯ ಮುಂದೆ ನಿಂತರು.

“ಒಳಗೂ ಒರೆಸಮ್ಮ. ಮಲ ಇಟ್ಟ ಪೆಟ್ಟಿಗೆ. ಹಬ್ಬದ ದಿನ ಮೈಲಿಗೆ ಬೇಡ.”

“ಸರ್, ಬಾಗಿಲು ತೆಗೆದ್ರೆ ಗಾಳಿ ನುಗ್ಗುತ್ತೆ. ಸತ್ತೋಗುತ್ತೆ.”

“ಎರಡು ನಿಮಿಷ ಕಣಮ್ಮ. ಏನೂ ಆಗಲ್ಲ.”

ಅವರಿಗೆ ಗೊತ್ತಿರಲಿಲ್ಲವೆ? ಅದನ್ನೇ ಪಾಠ ಮಾಡಿದ ಮನುಷ್ಯ. ನನಗಂತೂ ಗೊತ್ತಿತ್ತು. ಆದರೆ ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದ ಕೈಯಲ್ಲಿ ಮಂಗಳಾರತಿ ತಟ್ಟೆ ಇತ್ತು. ನಾನೇ ಬಾಗಿಲು ತೆರೆದೆ, ಒರೆಸಿದೆ, ಕುಂಕುಮ ಇಟ್ಟೆ. ಬೂದುಗುಂಬಳ ಒಡೆದರು, ಕಡಲೆಪುರಿ ಹಂಚಿದರು, ನಾನೂ ತಿಂದೆ. ಗಾಳಿಯನ್ನೆಲ್ಲ ಹೊರಹಾಕಿ ಪೆಟ್ಟಿಗೆ ಸರಿಹೋಗುವಷ್ಟರಲ್ಲಿ ಸಂಜೆಯಾಗಿತ್ತು.

ಆಮೇಲೆ ಹೊಸ ಪ್ಲೇಟಿಗೆ ಎಷ್ಟು ಸಲ ಹಾಕಿದರೂ ಏನೂ ಬೆಳೆಯಲಿಲ್ಲ. ಗೈಡ್ ತಮ್ಮ ವರದಿಯಲ್ಲಿ ‘ವಿದ್ಯಾರ್ಥಿನಿಯ ಅಜಾಗರೂಕತೆ’ ಎಂದು ಬರೆದರು. ಮೈ ಉರಿದುಹೋಯಿತು, ಇವತ್ತಿಗೂ ಉರಿಯುತ್ತದೆ. ಆದರೆ ಬಾಗಿಲು ತೆರೆದ ಕೈ ನನ್ನದೇ ಆಗಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಮತ್ತೆ ಅಜ್ಜಿಯ ಬಳಿಗೆ ಓಡಿದೆ. ಅಷ್ಟರಲ್ಲಿ ಅವರಿಗೆ ಜ್ವರ ಬಂದು, ಎರಡು ಸುತ್ತು ಆಂಟಿಬಯೋಟಿಕ್ ಮಾತ್ರೆ ಮುಗಿದಿತ್ತು. ಹೊಸ ಡಬ್ಬಿಯಲ್ಲಿ ಅದು ಸಿಗಲಿಲ್ಲ. ಲ್ಯಾಬಿನಲ್ಲಿದ್ದದ್ದೂ ಸತ್ತುಹೋಯಿತೆಂದು ತಿಳಿಸಲು ಹೋದಾಗ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದರು:

“ಅಲ್ಲ ಕಣವ್ವ, ನನ್ ಒಟ್ಟೇಲಿ ಇಷ್ಟು ವರ್ಸ ಚೆಂದಾಗಿತ್ತು. ಓದ್ದೋರ ಕೈಗೆ ಕೊಟ್ಟೆ. ಎಂಗವ್ವ ಸಾಯಿಸ್ಬುಟ್ರಿ?”

“ಕರೆಂಟ್ ಹೋಗಿತ್ತಜ್ಜಿ” ಎಂದೆ.